ಹೊಸ ಟೈರ್ ಕೊಳ್ಳುವ ಮೊದಲು ಹಳೇ ಟೈರ್ ಓದಿ: ಒಂದು ಆಕ್ಟೇವಿಯಾ ಆರ್‌ಎಸ್ ಪ್ರಕರಣ

ಕಾರು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230. ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 230 ಪಿಎಸ್ ಶಕ್ತಿ, 350 ಎನ್‌ಎಂ ಟಾರ್ಕ್. ಅಷ್ಟೂ ಹೋಗುವುದು ಮುಂದಿನ ಎರಡು ಚಕ್ರಕ್ಕೆ. ನಮ್ಮ ದೇಶಕ್ಕೆ 2017ರಲ್ಲಿ ಬಂದ ಕಾರು, ಬಂದದ್ದೇ ಕೆಲವು ನೂರು. ಮಾಲೀಕರು ನನ್ನ ಭಾವ. ಕೆಲಸ ಬೆಂಗಳೂರಿನಲ್ಲಿ, ಊರು ಪುತ್ತೂರಿನ ಹತ್ತಿರ. ವಾರವಿಡೀ ಹೊರವರ್ತುಲ ರಸ್ತೆಯ ಟ್ರಾಫಿಕ್ಕು, ತಿಂಗಳಿಗೆ ಒಂದೆರಡು ಸಲ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಊರು. ಮಳೆಗಾಲದಲ್ಲೂ ಅದೇ ದಾರಿ. ಓಡಿಸುವುದು ಜೋರಾಗಿಯೇ, ಆದರೆ ಕೈ ಹತೋಟಿಯಲ್ಲಿರುವ ಮನುಷ್ಯ.

2025ರ ಮೇ ತಿಂಗಳಲ್ಲಿ ಅವರ ಫೋನು ಬಂತು. ಉಪ್ಪಿನಂಗಡಿ ಕಡೆ ರಸ್ತೆ ಅಗಲ ಮಾಡುವ ಕೆಲಸದ ನಡುವೆ ಒಂದು ಗುಂಡಿಗೆ ಮುಂದಿನ ಎಡಗಡೆ ಚಕ್ರ ಬಿದ್ದಿತ್ತು. ಟೈರಿನ ಬದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು.

"ಇದು ಎರಡನೇ ಸೆಟ್ಟು ಮಾರಾಯ. ಮೂವತ್ತೊಂದು ಸಾವಿರ ಕಿಲೋಮೀಟರ್ ಓಡಿದೆ ಅಷ್ಟೆ. ಈ ಸಲ ಬಾಳಿಕೆ ಬರುವ ಟೈರೇ ಬೇಕು. ಯಾವ ಕಂಪನಿದು ಹಾಕ್ಲಿ ಹೇಳು" ಅಂದರು.

"ಭಾವ, ಹಳೇದನ್ನು ಬಿಚ್ಚಿಸಿ ಎಸೀಬೇಡಿ. ಮೊದಲು ನಾನು ನೋಡ್ತೇನೆ" ಅಂದೆ.

ಎಲ್ಲರೂ ಶುರು ಮಾಡುವುದು "ಯಾವ ಕಂಪನಿ" ಎನ್ನುವಲ್ಲಿಂದಲೇ. ಆದರೆ ಹಳೇ ಟೈರು ಯಾಕೆ ಬೇಗ ಸತ್ತಿತು ಎಂದು ಗೊತ್ತಾಗದೆ ಹೊಸದು ಹಾಕಿದರೆ, ಅದೇ ಕಾರಣ ಹೊಸದನ್ನೂ ತಿನ್ನುತ್ತದೆ. ಆಗ ಬೈಗುಳ ತಿನ್ನುವುದು ಟೈರ್ ಕಂಪನಿ. ಶಕ್ತಿ ಜಾಸ್ತಿ ಇರುವ ಕಾರಿನಲ್ಲಿ ಇದು ಇನ್ನೂ ನಿಜ. ಆ ಟೈರುಗಳ ರಬ್ಬರ್ ಮೆದು, ಬದಿ ಗಿಡ್ಡ, ಬೆಲೆ ದುಬಾರಿ. ಸಣ್ಣ ತಪ್ಪಿಗೂ ದಂಡ ಜೋರು.

ಕಾರು ಮನೆಗೆ ಬಂದಾಗ ಟ್ರೆಡ್, ಅಂದರೆ ರಸ್ತೆಗೆ ತಾಗುವ ಮೈಯಲ್ಲಿರುವ ಸಾಲುಗಳ ಆಳ ಅಳೆಯುವ ಕಡ್ಡಿ ಹಿಡಿದು ಕೂತೆ. ಕೆಲವು ನೂರು ರೂಪಾಯಿಗೆ ಸಿಗುವ ಸಾಮಾನು, ಕಾರು ಇರುವ ಎಲ್ಲರ ಮನೆಯಲ್ಲೂ ಇರಬೇಕು. ಒಂದೇ ಕಡೆ ಅಳೆದು ಸುಮ್ಮನಾಗಬಾರದು. ಒಳಅಂಚು, ನಡು, ಹೊರಅಂಚು, ಮೂರೂ ಕಡೆ ಅಳೆಯಬೇಕು. ಮುಂದಿನ ಎಡ ಟೈರಿನಲ್ಲಿ ಬಂದ ಲೆಕ್ಕ ಇದು: ನಡುವೆ 3.4 ಮಿ.ಮೀ., ಹೊರಗೆ 2.6, ಒಳಗೆ 2.0. ಬಲಗಡೆಯದ್ದೂ ಹೆಚ್ಚು ಕಡಿಮೆ ಹೀಗೇ. ಹಿಂದಿನ ಟೈರುಗಳಲ್ಲಿ ಹೊರಗೆ ಐದರ ಹತ್ತಿರ ಉಳಿದಿತ್ತು, ಒಳಗೆ ನಾಲ್ಕಕ್ಕಿಂತ ಕಡಿಮೆ.

ಈ ಮೂರು ಅಂಕಿಯಲ್ಲೇ ಅರ್ಧ ಕಥೆ ಇದೆ. ಎರಡೂ ಅಂಚು ನಡುವಿಗಿಂತ ಜಾಸ್ತಿ ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದಾರೆ ಎಂದರ್ಥ. ಗಾಳಿ ಕಡಿಮೆಯಾದಾಗ ನಡುಭಾಗ ಭಾರ ಹೊರುವುದಿಲ್ಲ, ಅಂಚುಗಳು ಹೊರುತ್ತವೆ. ಒಳಅಂಚು ಹೊರಅಂಚಿಗಿಂತಲೂ ಜಾಸ್ತಿ ಹೋಗಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲುವ ಕೋನ, ತಪ್ಪಿದೆ. ಇಲ್ಲಿ ಎರಡೂ ಇತ್ತು.

ಕೇಳಿದೆ, "ಗಾಳಿ ಎಷ್ಟು ಹಾಕಿಸ್ತೀರಿ ಭಾವ?"

"ಮೂವತ್ತು. ಜಾಸ್ತಿ ಹಾಕಿದ್ರೆ ಗುಂಡಿಗೆಲ್ಲ ದಡದಡ ಅನ್ನುತ್ತೆ. ಅಕ್ಕನಿಗೆ ಸೊಂಟ ನೋವು ಬೇರೆ."

ಪೆಟ್ರೋಲ್ ಹಾಕುವ ಮುಚ್ಚಳ ತೆಗೆದು ಒಳಗಡೆಯ ಸ್ಟಿಕ್ಕರ್ ತೋರಿಸಿದೆ. ಸ್ಕೋಡಾದವರು ಗಾಳಿಯ ಲೆಕ್ಕವನ್ನು ಅಂಟಿಸುವುದು ಅಲ್ಲಿ. ಇವರು ಹಾಕಿಸುತ್ತಿದ್ದದ್ದು ಅಲ್ಲಿ ಬರೆದದ್ದಕ್ಕಿಂತ ನಾಲ್ಕು ಪಿಎಸ್‌ಐ ಕಡಿಮೆ. ಅದೂ ಬಂಕಿನಲ್ಲಿ, ಕಾರು ಓಡಿ ಟೈರ್ ಬಿಸಿಯಾದ ಮೇಲೆ. ಟೈರಿನ ಬಿಸಿ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಬಿಸಿ ಟೈರಿನಲ್ಲಿ ಮೂವತ್ತು ತೋರಿಸಿದರೆ ಬೆಳಿಗ್ಗೆ ತಣ್ಣಗಿರುವಾಗ ಇಪ್ಪತ್ತೇಳೋ ಇಪ್ಪತ್ತೆಂಟೋ ಇರುತ್ತದೆ. ಈ ಕಾರಿನಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ತೆಂಗಿನಕಾಯಿ, ಹಲಸಿನಹಣ್ಣು ಹಾಕಿಕೊಂಡು ಘಾಟಿ ಹತ್ತುವುದು ಇಷ್ಟೇ ಗಾಳಿಯಲ್ಲಿ!

ಉಬ್ಬು ಬಂದದ್ದಕ್ಕೂ ಇದೇ ಕಾರಣ. ಟೈರಿನ ಬದಿಯೊಳಗೆ ದಾರದ ಪದರ ಇರುತ್ತದೆ. ಗುಂಡಿಯ ಅಂಚು ಒಂದು ಕಡೆ, ರಿಮ್ಮಿನ ಅಂಚು ಇನ್ನೊಂದು ಕಡೆ, ನಡುವೆ ಸಿಕ್ಕ ಬದಿ ಚಿವುಟಿ ಹೋದರೆ ಒಳಗಿನ ದಾರ ಕಡಿಯುತ್ತದೆ. ದಾರ ಕಡಿದ ಜಾಗದಲ್ಲಿ ಗಾಳಿಯನ್ನು ಹಿಡಿದಿಡುವುದು ಬರೀ ರಬ್ಬರು, ಅದು ಉಬ್ಬುತ್ತದೆ. ಗಾಳಿ ಕಡಿಮೆ ಇದ್ದಷ್ಟೂ ಚಿವುಟುವುದು ಸುಲಭ. ಇದಕ್ಕೆ ರಿಪೇರಿ ಇಲ್ಲ. ಒಳಗೆ ಪ್ಯಾಚ್ ಹಾಕಿಕೊಡುತ್ತೇನೆ ಅನ್ನುವವರು ಊರಿಗೊಬ್ಬರು ಸಿಗುತ್ತಾರೆ, ದಯವಿಟ್ಟು ನಂಬಬೇಡಿ. ಹೆದ್ದಾರಿಯಲ್ಲಿ ಆ ಉಬ್ಬು ಒಡೆದರೆ ಕಾರು ಎತ್ತ ಹೋಗುತ್ತದೆ ಎಂದು ಹೇಳಲು ಆಗುವುದಿಲ್ಲ.

ಹಿಂದಿನ ಟೈರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭಾವನವರು ಬಹಳ ದಿನದಿಂದ "ಹಿಂದೆ ಗುಂಯ್ ಅನ್ನುತ್ತೆ, ಬೇರಿಂಗ್ ಹೋಗಿರಬೇಕು" ಅನ್ನುತ್ತಿದ್ದರು. ಒಂದು ವರ್ಕ್‌ಶಾಪಿನಲ್ಲಿ ಎರಡೂ ಬೇರಿಂಗ್ ಬದಲಿಸುವ ಅಂದಾಜು ಪಟ್ಟಿಯನ್ನೂ ಕೊಟ್ಟಿದ್ದರು. ನಾನು ಹಿಂದಿನ ಟೈರಿನ ಒಳಅಂಚಿನ ಮೇಲೆ ಅಂಗೈ ಇಟ್ಟು ಮುಂದಕ್ಕೆ ಸವರಿದೆ. ನುಣ್ಣಗಿತ್ತು. ಅದೇ ಜಾಗದಲ್ಲಿ ಹಿಂದಕ್ಕೆ ಸವರಿದೆ. ಒಂದೊಂದು ಗಟ್ಟೆಯ ಅಂಚೂ ಗರಗಸದ ಹಲ್ಲಿನ ಹಾಗೆ ಕೈಗೆ ತಾಗಿತು. ಭಾವನವರ ಕೈಯನ್ನೂ ಹಿಡಿದು ಸವರಿಸಿದೆ. ಶಬ್ದ ಬರುತ್ತಿದ್ದದ್ದು ಅಲ್ಲಿಂದ. ಎಂಜಿನ್ ಎಳೆಯದ ಹಿಂದಿನ ಚಕ್ರಗಳಲ್ಲಿ, ಟೋ (ಮೇಲಿಂದ ನೋಡಿದಾಗ ಚಕ್ರದ ಮುಖ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸ್ವಲ್ಪ ತಪ್ಪಿದ್ದು, ಟೈರ್ ಹಿಂದೆ ಮುಂದೆ ಬದಲಿಸದೆ ಬಿಟ್ಟರೆ ಹೀಗೆ ಹಲ್ಲು ಮೂಡುತ್ತದೆ. ಫೋಕ್ಸ್‌ವ್ಯಾಗನ್ ಬಳಗದ ಕಾರು ಇಟ್ಟುಕೊಂಡವರಿಗೆ ಈ ಗುಂಯ್ ಶಬ್ದ ಹೊಸದಲ್ಲ. ಬೇರಿಂಗ್ ಚೆನ್ನಾಗಿಯೇ ಇತ್ತು.

ಇನ್ನು ಅಲೈನ್‌ಮೆಂಟ್. "ಪ್ರತಿ ಸರ್ವೀಸಿಗೂ ಮಾಡಿಸ್ತೇನಲ್ಲ" ಅಂದರು ಭಾವ. ಗ್ಲವ್ ಬಾಕ್ಸಿನಲ್ಲಿ ಹಳೇ ರಿಪೋರ್ಟು ಸಿಕ್ಕಿತು. ಸರಿ ಇದ್ದದ್ದು ಹಸಿರು, ತಪ್ಪಿದ್ದು ಕೆಂಪು. ಮುಂದಿನ ಟೋ ಎರಡೂ ಹಸಿರು. ಹಿಂದಿನ ಎರಡೂ ಕೆಂಪು, ಮೊದಲೂ ಕೆಂಪು, ಕೆಲಸ ಮುಗಿದ ಮೇಲೂ ಕೆಂಪು. ಅಂದರೆ ಮುಂದಿನದನ್ನು ಮಾತ್ರ ತಿರುಗಿಸಿ ಬಿಲ್ ಹಾಕಿದ್ದಾರೆ. ಎಷ್ಟೋ ಕಡೆ ಹೀಗೇ ಆಗುತ್ತದೆ. ಹಿಂದೆ ಒಂದೇ ಬೀಮ್ ಇರುವ ಮಾಮೂಲಿ ಕಾರುಗಳಲ್ಲಿ ತಿರುಗಿಸಲು ಏನೂ ಇರುವುದಿಲ್ಲ, ಹುಡುಗರಿಗೆ ಅದೇ ಅಭ್ಯಾಸ. ಆರ್‌ಎಸ್‌ನಲ್ಲಿ ಹಿಂದೆ ಮಲ್ಟಿಲಿಂಕ್ ಸಸ್ಪೆನ್ಷನ್ ಇದೆ, ಅಂದರೆ ಒಂದೊಂದು ಚಕ್ರವನ್ನೂ ಹಲವು ತೋಳುಗಳು ಬೇರೆಯಾಗಿ ಹಿಡಿದಿರುತ್ತವೆ. ಅದರ ಟೋ, ಕ್ಯಾಂಬರ್ (ಚಕ್ರ ಮೇಲ್ಗಡೆ ಒಳಕ್ಕೋ ಹೊರಕ್ಕೋ ವಾಲುವ ಕೋನ) ಎರಡನ್ನೂ ಸರಿಮಾಡಬಹುದು, ಮಾಡಲೇಬೇಕು. ಹಿಂದಿನದನ್ನು ಮೊದಲು ಕೂರಿಸಿ ಆಮೇಲೆ ಮುಂದಿನದಕ್ಕೆ ಬರಬೇಕು, ಇಲ್ಲದಿದ್ದರೆ ಸ್ಟೀರಿಂಗ್ ನೇರ ನಿಲ್ಲುವುದಿಲ್ಲ.

ಟೋ ಅರ್ಧ ಡಿಗ್ರಿ ತಪ್ಪಿದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಚಕ್ರ ಹೋಗಬೇಕಾದ ದಾರಿಗೂ ಅದು ಮುಖ ಮಾಡಿದ ದಿಕ್ಕಿಗೂ ಅರ್ಧ ಡಿಗ್ರಿ ವ್ಯತ್ಯಾಸ ಇದ್ದರೆ, ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಟೈರು ಎಂಟು ಮೀಟರಿಗಿಂತ ಜಾಸ್ತಿ ಅಡ್ಡಕ್ಕೆ ಎಳೆದುಕೊಂಡು ಹೋದ ಲೆಕ್ಕ. ಬೆಂಗಳೂರಿಂದ ಪುತ್ತೂರಿಗೆ ಮುನ್ನೂರು ಕಿಲೋಮೀಟರಿಗೂ ಜಾಸ್ತಿ. ಮೆದು ರಬ್ಬರು ಎಲ್ಲಿ ಉಳಿಯಬೇಕು ಹೇಳಿ?

ಇದನ್ನು ಹಣದ ಲೆಕ್ಕಕ್ಕೆ ತರೋಣ. ಹೊಸ ಟೈರಿನ ಟ್ರೆಡ್ ಸುಮಾರು 8 ಮಿ.ಮೀ. ಕಾನೂನಿನ ಪ್ರಕಾರ 1.6 ಮಿ.ಮೀ. ತನಕ ಓಡಿಸಬಹುದು. ಟೈರಿನ ಸಾಲುಗಳ ನಡುವೆ ಸಣ್ಣ ದಿಬ್ಬ ಇರುತ್ತದಲ್ಲ, ಅದು ಮೇಲ್ಮೈಗೆ ಸಮ ಬಂದಾಗ ಅಷ್ಟು ಸವೆದಿದೆ ಎಂದು ಅರ್ಥ. ಆದರೆ ಜುಲೈ ತಿಂಗಳಲ್ಲಿ ಶಿರಾಡಿ ಇಳಿಯುವವರಿಗೆ ಆ ಲೆಕ್ಕ ಹೇಳಲು ನನಗೆ ಮನಸ್ಸಿಲ್ಲ. ಮೂರಕ್ಕಿಂತ ಕೆಳಗೆ ಬಂದ ಟೈರು ರಸ್ತೆ ಮೇಲೆ ನಿಂತ ನೀರನ್ನು ಆಚೆ ತಳ್ಳಲು ಸೋಲುತ್ತದೆ, ಕಾರು ನೀರಿನ ಮೇಲೆ ತೇಲುತ್ತದೆ. ಅಗಲ ಟೈರಿನಲ್ಲಿ ಇದು ಇನ್ನೂ ಬೇಗ. ಹಾಗಾಗಿ ನನ್ನ ಲೆಕ್ಕದಲ್ಲಿ ಬಳಸಲು ಸಿಗುವುದು 5 ಮಿ.ಮೀ. ಮಾತ್ರ. ನಡುಭಾಗ ಸವೆದ ವೇಗದಲ್ಲೇ ಇಡೀ ಟೈರು ಸಮನಾಗಿ ಸವೆದಿದ್ದರೆ 33 ಸಾವಿರ ಕಿ.ಮೀ. ದಾಟುತ್ತಿತ್ತು. ಒಳಅಂಚು ಸವೆದ ವೇಗದಲ್ಲಿ 26 ಸಾವಿರವೂ ಮುಟ್ಟಲಿಲ್ಲ, ಆಮೇಲಿನ ಐದು ಸಾವಿರ ಓಡಿದ್ದು ಅಪಾಯದಲ್ಲಿ. ಹೆಚ್ಚು ಕಡಿಮೆ ಎಂಟು ಸಾವಿರ ಕಿ.ಮೀ. ಗಾಳಿಗೂ ಅಲೈನ್‌ಮೆಂಟಿಗೂ ಹೋಯಿತು. ಇದು ಮುಂದಿನ ಟೈರಿನ ಲೆಕ್ಕ ಮಾತ್ರ. ಹತ್ತು ಸಾವಿರಕ್ಕೊಮ್ಮೆ ಹಿಂದೆ ಮುಂದೆ ಬದಲಿಸಿದ್ದರೆ ನಾಲ್ಕೂ ಸೇರಿ ಇನ್ನೂ ಬಾಳುತ್ತಿದ್ದವು.

ಇಷ್ಟು ಆದ ಮೇಲೆ ಟೈರ್ ಆಯ್ಕೆಗೆ ಕೂತೆವು. ಮನೆಯಲ್ಲಿ ಆಗಲೇ ಮೂರು ಅಭಿಪ್ರಾಯ ಇತ್ತು.

ಭಾವನವರ ಮಗನಿಗೆ 18 ಇಂಚಿನ ರಿಮ್ ಬೇಕು, 225/40. ಇದರಲ್ಲಿ ಮೊದಲನೆಯದು ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಬದಿಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎನ್ನುವುದು. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಈಗಿರುವ 225/45 ಆರ್17 ಟೈರಿನ ಬದಿಯ ಎತ್ತರ 101 ಮಿ.ಮೀ., ಅದರಲ್ಲಿ ಬರೀ 90. ಈಗಲೇ ಗುಂಡಿಗೆ ಉಬ್ಬಿದ ಟೈರು, ಇನ್ನೂ ಒಂದು ಸೆಂಟಿಮೀಟರ್ ಕಡಿಮೆ ಮಾಡಿ ಬಾಳಿಕೆ ಕೇಳಿದರೆ ಹೇಗೆ? ಅದನ್ನು ಅಲ್ಲಿಗೇ ಬಿಟ್ಟೆವು.

ಅಂಗಡಿಯವರು ಹೇಳಿದ್ದು ಉಲ್ಟಾ. "ಸರ್, 16 ಇಂಚಿಗೆ ಬನ್ನಿ, 205/55 ಹಾಕಿ, ಮಾಮೂಲಿ ಆಕ್ಟೇವಿಯಾದ್ದು ಅದೇ. ಅರುವತ್ತು ಸಾವಿರ ಗ್ಯಾರಂಟಿ." ಇದರಲ್ಲಿ ಹುರುಳಿದೆ. ಬದಿ 113 ಮಿ.ಮೀ. ಆಗುತ್ತದೆ, ಟೈರಿನ ಒಟ್ಟು ವ್ಯಾಸ ಹೆಚ್ಚು ಕಡಿಮೆ ಅಷ್ಟೇ ಉಳಿಯುತ್ತದೆ, ಸ್ಪೀಡೋಮೀಟರ್ ತಪ್ಪುವುದಿಲ್ಲ. ಗುಂಡಿಗೂ ಒಳ್ಳೆಯದು. ಆದರೆ ಆರ್‌ಎಸ್‌ನ ಬ್ರೇಕ್ ಡಿಸ್ಕ್ ದೊಡ್ಡದು. ರಿಮ್ಮನ್ನು ಕೂರಿಸಿ ನೋಡದೆ, ಡಿಸ್ಕನ್ನು ಹಿಡಿಯುವ ಕ್ಯಾಲಿಪರಿಗೆ ತಾಗುವುದಿಲ್ಲ ಎನ್ನುವ ಹಾಗಿಲ್ಲ. ಅವರ ಹತ್ತಿರ ಕೂರಿಸಿ ನೋಡಲು ರಿಮ್ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವರು ತೋರಿಸಿದ ಟೈರು ಹೆಚ್ ರೇಟಿಂಗಿನದು, ಅಂದರೆ ಗಂಟೆಗೆ 210 ಕಿ.ಮೀ. ತನಕ. ಈ ಕಾರಿಗೆ ಬೇಕಾದದ್ದು ಡಬ್ಲ್ಯು, 270ರ ತನಕ. ನಮ್ಮಲ್ಲಿ ಯಾರು 210ರಲ್ಲಿ ಹೋಗ್ತಾರೆ, ಮೈಸೂರು ಹೆದ್ದಾರಿಯಲ್ಲಿ ನೂರು ದಾಟಿದರೇ ಕ್ಯಾಮೆರಾ ಹಿಡಿಯುತ್ತೆ ಅಲ್ವಾ ಎಂದು ಕೇಳಬಹುದು. ಆ ಅಕ್ಷರ ಹೇಳುವುದು ಬರೀ ವೇಗದ ಮಾತಲ್ಲ. ಟೈರು ಎಷ್ಟು ಬಿಸಿ ತಡೆಯುತ್ತದೆ ಎಂದೂ ಅದರಿಂದ ಗೊತ್ತಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ, ತುಂಬಿದ ಕಾರು, ಮೂರು ಗಂಟೆ ನಿಲ್ಲದ ಓಟ. ಕಂಪನಿ ಹೇಳಿದ್ದಕ್ಕಿಂತ ಕೆಳಗಿನ ರೇಟಿಂಗ್ ಹಾಕಿ, ನಾಳೆ ಏನಾದರೂ ಆದರೆ ಇನ್ಶೂರೆನ್ಸಿನವರಿಗೆ ಉತ್ತರ ಕೊಡಬೇಕಾದವರೂ ನಾವೇ.

ಮೂರನೇ ಅಭಿಪ್ರಾಯ ಭಾವನವರ ಗೆಳೆಯರದು. ಟೈರಿನ ಬದಿಯಲ್ಲಿ ಟ್ರೆಡ್‌ವೇರ್ ಎಂದು ಒಂದು ಸಂಖ್ಯೆ ಇರುತ್ತದೆ, ಅದು ಎಲ್ಲಿ ಜಾಸ್ತಿ ಇದೆಯೋ ಅದನ್ನು ತಗೊಳ್ಳಿ, 500 ಅಂದರೆ 50 ಸಾವಿರ ಕಿಲೋಮೀಟರ್ ಅಂತ. ಈ ನಂಬಿಕೆ ಎಲ್ಲಿಂದ ಹುಟ್ಟಿತೋ, ತುಂಬಾ ಹರಡಿದೆ. ಆ ಸಂಖ್ಯೆ ಅಮೆರಿಕದ ಪದ್ಧತಿ. ಟೆಕ್ಸಾಸ್‌ನ ಸ್ಯಾನ್ ಏಂಜೆಲೊ ಊರಿನ ಸುತ್ತ 640 ಕಿ.ಮೀ. ಉದ್ದದ ನಿಗದಿಯಾದ ದಾರಿಯಲ್ಲಿ ಒಟ್ಟು 11,600 ಕಿ.ಮೀ. ಓಡಿಸುತ್ತಾರೆ. ಜೊತೆಗೊಂದು ಅಳತೆಯ ಟೈರೂ ಓಡುತ್ತದೆ. ಅದರ ಸವೆತದ ಜೊತೆ ಹೋಲಿಸಿ ಅಂಕ ಕೊಡುತ್ತಾರೆ. ಅಂಕ ಕೊಡುವುದು ಟೈರ್ ಕಂಪನಿಯೇ. ಹಾಗಾಗಿ ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಅದು ಸ್ವಲ್ಪ ಸಹಾಯಕ್ಕೆ ಬರುತ್ತದೆ. ಕಿಲೋಮೀಟರಿಗೆ ಬದಲಿಸಿಕೊಳ್ಳಲು ಆಗುವುದಿಲ್ಲ. ಇನ್ನೊಂದು ವಿಷಯ ಇಲ್ಲಿದೆ, ನನಗೆ ಬಹಳ ಮುಖ್ಯ ಅನ್ನಿಸಿದ್ದು. ಆ ಪರೀಕ್ಷೆಯಲ್ಲಿ ನಡುನಡುವೆ ಟೈರಿನ ಜಾಗ ಬದಲಿಸುತ್ತಾರೆ, ಅಲೈನ್‌ಮೆಂಟ್ ತಪ್ಪಿದ್ದರೆ ಸರಿಮಾಡುತ್ತಾರೆ. ನಾವು ಎರಡನ್ನೂ ಬಿಟ್ಟು ಅಂಕ ಮಾತ್ರ ನೋಡುತ್ತೇವೆ.

ಅದೇ ಸಾಲಿನಲ್ಲಿ ಇನ್ನೆರಡು ಗುರುತು ಇರುತ್ತವೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿತಕ್ಕೆ ಎಎ, ಎ, ಬಿ, ಸಿ. ಬಿಸಿ ತಡೆಯುವುದಕ್ಕೆ ಎ, ಬಿ, ಸಿ. ನಾನು ಮೊದಲು ನೋಡುವುದು ಇವೆರಡನ್ನು. ಮೊದಲನೆಯದು ನೇರ ಬ್ರೇಕಿಗೆ ಮಾತ್ರ, ತಿರುವಿನ ಹಿಡಿತದ ಬಗ್ಗೆ ಏನೂ ಹೇಳುವುದಿಲ್ಲ ಎನ್ನುವುದು ನೆನಪಿರಲಿ. ಆದರೂ ಕರಾವಳಿಗೆ ಹೋಗಿಬರುವ 230 ಪಿಎಸ್ ಕಾರಿಗೆ ಎಎ ಇಲ್ಲದ ಟೈರನ್ನು ನಾನು ಒಪ್ಪುವುದಿಲ್ಲ.

ಕೊನೆಗೆ ಮೇಜಿನ ಮೇಲೆ ಉಳಿದದ್ದು ಎರಡು ದಾರಿ. ಒಂದು, ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ಯುಸಿ6 ತರದ, ಆರಾಮ ಮತ್ತು ಬಾಳಿಕೆ ನೋಡಿ ಮಾಡಿದ ಟೈರು. ಇನ್ನೊಂದು, ಮೈಕೆಲಿನ್ ಪೈಲಟ್ ಸ್ಪೋರ್ಟ್ 4 ತರದ, ಹಿಡಿತ ನೋಡಿ ಮಾಡಿದ್ದು. ಪೈಲಟ್ ಸ್ಪೋರ್ಟ್ 4ರ ಅಂಕ ಸಾಮಾನ್ಯವಾಗಿ 320, ಎಎ, ಎ. ನಮಗೆ ಸಿಕ್ಕಿದ ದರದಲ್ಲಿ ಮೊದಲನೆಯದರ ಸೆಟ್ಟು 42 ಸಾವಿರ, ಎರಡನೆಯದು 68 ಸಾವಿರ. ಮೊದಲನೆಯದು 50 ಸಾವಿರ ಕಿ.ಮೀ., ಎರಡನೆಯದು 38 ಸಾವಿರ ಬಂದೀತು ಎಂದು ಇಟ್ಟುಕೊಳ್ಳಿ, ಇದು ನನ್ನ ಅಂದಾಜು. ಕಿಲೋಮೀಟರಿಗೆ 84 ಪೈಸೆ ಒಂದು, 1 ರೂಪಾಯಿ 79 ಪೈಸೆ ಇನ್ನೊಂದು. ದುಡ್ಡಿನ ಲೆಕ್ಕದಲ್ಲಿ ಯುಸಿ6 ಗೆದ್ದಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಕಾರು ಲೀಟರಿಗೆ ಹತ್ತು ಕಿಲೋಮೀಟರ್ ಕೊಡುತ್ತದೆ, ಪೆಟ್ರೋಲ್ ನೂರು ದಾಟಿದೆ. ಪೆಟ್ರೋಲಿಗೇ ಕಿಲೋಮೀಟರಿಗೆ ಹತ್ತು ರೂಪಾಯಿ ಸುಡುವಾಗ, ಒದ್ದೆ ಘಾಟಿಯಲ್ಲಿ ಎದುರಿಗೆ ಬಂದ ಲಾರಿಯ ಮುಂದೆ ಬೇಗ ನಿಲ್ಲಲು ಇನ್ನೊಂದು ರೂಪಾಯಿ ಕೊಡಬೇಕೋ ಬೇಡವೋ ಎನ್ನುವುದು ಪ್ರಶ್ನೆ.

ನಾನು ಕೊಡಬೇಕು ಅಂದೆ. ಬಾಳಿಕೆಯ ಟೈರ್ ಕೇಳಿದವರಿಗೆ ಬೇಗ ಸವೆಯುವುದನ್ನು ಹೇಳಿದ್ದು ಯಾಕೆ ಎಂದು ಭಾವನವರೂ ಕೇಳಿದರು. ಅವರ ಹಳೇ ಸೆಟ್ಟು ಟ್ರೆಡ್ ಮುಗಿದು ಸತ್ತದ್ದಲ್ಲ. ಒಂದು ಟೈರು ಬದಿ ಒಡೆದು ಹೋಯಿತು, ಇನ್ನೊಂದು ಒಳಅಂಚು ಸವೆದು ಹೋಯಿತು, ಹಿಂದಿನವೆರಡು ಹಲ್ಲು ಮೂಡಿ ಗುಂಯ್ ಅನ್ನುತ್ತಿದ್ದವು. ಗಟ್ಟಿ ರಬ್ಬರಿನ ಟೈರು ಹಾಕಿದರೂ ಈ ಮೂರರಲ್ಲಿ ಒಂದೂ ತಪ್ಪುತ್ತಿರಲಿಲ್ಲ. ಅಷ್ಟೇ ಅಲ್ಲ, 350 ಎನ್‌ಎಂ ಟಾರ್ಕ್ ಮುಂದಿನ ಎರಡೇ ಚಕ್ರಕ್ಕೆ ಬಂದಾಗ ಹಿಡಿತ ಕಡಿಮೆ ಇರುವ ಟೈರು ಜಾರಿ ತಿರುಗುತ್ತದೆ, ಒದ್ದೆಯಲ್ಲಂತೂ ಎರಡನೇ ಗೇರಿನಲ್ಲೂ. ಜಾರಿದಷ್ಟೂ ಸವೆತ. ಗಟ್ಟಿ ಟೈರಿನಿಂದ ಉಳಿಯುವ ಬಾಳಿಕೆಯಲ್ಲಿ ಒಂದಿಷ್ಟು ಹೀಗೇ ಹೋಗುತ್ತದೆ.

ಕೊಳ್ಳುವಾಗ ಒಂದು ವಿಷಯಕ್ಕೆ ಹಟ ಹಿಡಿದೆವು. 225/45 ಆರ್17 ಅಳತೆಯಲ್ಲಿ ಎರಡು ತರ ಸಿಗುತ್ತವೆ. ಮಾಮೂಲಿಯದು, ಲೋಡ್ ಇಂಡೆಕ್ಸ್ 91, ಒಂದು ಟೈರು 615 ಕೆ.ಜಿ. ಹೊರುತ್ತದೆ. ಎಕ್ಸ್‌ಎಲ್ ಎಂದು ಬರೆದದ್ದು, 94, ಹೊರುವುದು 670 ಕೆ.ಜಿ. ನಾವು ತಗೊಂಡದ್ದು ಎಕ್ಸ್‌ಎಲ್. ಇದರಲ್ಲಿ ಜನ ತಪ್ಪು ತಿಳಿಯುವ ಒಂದು ಅಂಶ ಇದೆ. ಎಕ್ಸ್‌ಎಲ್ ಟೈರು ಅಷ್ಟು ಭಾರ ಹೊರುವುದು 42 ಪಿಎಸ್‌ಐ ಗಾಳಿಯಲ್ಲಿ, ಮಾಮೂಲಿಯದು ತನ್ನ ಪೂರ್ತಿ ಭಾರ ಹೊರುವುದು 36ರಲ್ಲಿ. ಅಂದರೆ ಎಕ್ಸ್‌ಎಲ್ ಹಾಕಿ ಗಾಳಿಯನ್ನು ಹಳೇ ಮೂವತ್ತರಲ್ಲೇ ಇಟ್ಟರೆ ಲಾಭ ಏನೂ ಇಲ್ಲ, ನಷ್ಟವೇ. ಮುಚ್ಚಳದ ಮೇಲಿನ ಲೆಕ್ಕಕ್ಕಿಂತ ಕಡಿಮೆ ಇಡಲೇಬಾರದು, ಕಾರು ತುಂಬಿದಾಗ ಅಲ್ಲೇ ಬರೆದಿರುವ ತುಂಬಿದ ಕಾರಿನ ಲೆಕ್ಕಕ್ಕೆ ಏರಿಸಬೇಕು.

ತಾರೀಖಿನದೂ ಒಂದು ಪಾಡು. 2020ರ ಜೂನ್‌ನಲ್ಲಿ ಹೊಸ ಟೈರುಗಳ ಆಮದಿಗೆ ಕೇಂದ್ರ ಸರ್ಕಾರ ಲೈಸೆನ್ಸ್ ಕಡ್ಡಾಯ ಮಾಡಿದ ಮೇಲೆ, ಹೊರದೇಶದಲ್ಲಿ ತಯಾರಾಗುವ ಈ ತರದ ಟೈರು ಬೇಕೆಂದಾಗ ಬೇಕಾದ ಅಳತೆಯಲ್ಲಿ ಸಿಗುವುದು ಕಷ್ಟವಾಯಿತು. ಅಂಗಡಿಗಳೂ ಸಿಕ್ಕಾಗ ತಂದು ಇಟ್ಟುಕೊಳ್ಳುತ್ತವೆ. ಮೊದಲು ಹೋದ ಅಂಗಡಿಯಲ್ಲಿ ನಾಲ್ಕು ಟೈರು ಇಳಿಸಿ ತೋರಿಸಿದರು. ಟೈರಿನ ಬದಿಯಲ್ಲಿ ಕೊನೆಯ ನಾಲ್ಕು ಅಂಕಿ ನೋಡಿದೆ. ಮೊದಲೆರಡು ವಾರ, ಆಮೇಲಿನೆರಡು ವರ್ಷ. ಎರಡು ಟೈರು ಆ ವರ್ಷದವು, ಇನ್ನೆರಡು ಎರಡು ವರ್ಷಕ್ಕೂ ಹಳೆಯವು. "ಗೋಡೌನಿನಲ್ಲಿ ನೆರಳಲ್ಲಿ ಇದ್ದದ್ದು ಸರ್, ಏನೂ ಆಗಲ್ಲ" ಅಂದರು. ನೆರಳಲ್ಲಿ ಇದ್ದರೆ ತೀರಾ ಕೆಟ್ಟಿರುವುದಿಲ್ಲ, ನಿಜ. ಆದರೆ ಹೊಸ ಟೈರಿನ ಪೂರ್ತಿ ದರ ಕೊಟ್ಟು ಎರಡು ವಯಸ್ಸಿನ ಟೈರು ಯಾಕೆ ತಗೋಬೇಕು? ಎರಡು ವಾರ ಕಾದು ಇನ್ನೊಂದು ಕಡೆ ನಾಲ್ಕೂ ಒಂದೇ ತಿಂಗಳಿನವು ಸಿಕ್ಕವು. ಐಎಸ್‌ಐ ಗುರುತು ಇದೆಯೇ ಎಂದೂ ನೋಡಿದೆವು, ಅದು ಇಲ್ಲಿ ಮಾರುವ ಹೊಸ ಟೈರಿಗೆ ಕಡ್ಡಾಯ. ಆ ಎರಡು ವಾರ ಭಾವನವರು ಸ್ಟೆಪ್ನಿ ಹಾಕಿಕೊಂಡು ಮನೆ ಆಫೀಸು ಅಷ್ಟೇ ಓಡಾಡಿದರು, ಊರಿಗೆ ಬಸ್ಸಿನಲ್ಲಿ ಹೋದರು.

ಬಿಲ್ಲಿನಲ್ಲಿ ಆಗ ಜಿಎಸ್‌ಟಿ ಶೇ. 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18 ಆಗಿದೆ. ಅದೇ ಮೂಲ ದರಕ್ಕೆ ಈಗಾದರೆ ಸೆಟ್ಟಿಗೆ ಐದು ಸಾವಿರ ಕಡಿಮೆ ಆಗುತ್ತಿತ್ತು. ಆದರೆ ಉಬ್ಬು ಬಂದ ಟೈರಿನಲ್ಲಿ ಇಡೀ ಮಳೆಗಾಲ ಕಾಯುವ ಮಾತು ಎಲ್ಲಿಂದ ಬರಬೇಕು.

ಹಾಕಿಸುವ ದಿನ ಅಲೈನ್‌ಮೆಂಟ್ ಹುಡುಗನ ಪಕ್ಕದಲ್ಲೇ ನಿಂತೆ. ಹಿಂದಿನ ಟೋ ಬೋಲ್ಟು ಜಂಗು ಹಿಡಿದಿತ್ತು, ಎಣ್ಣೆ ಹೊಡೆದು ಅರ್ಧ ಗಂಟೆ ಬಿಟ್ಟ ಮೇಲೆ ತಿರುಗಿತು. ಬಹುಶಃ ಕಾರು ಬಂದಾಗಿನಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಆತ ಬೇಜಾರು ಮಾಡಿಕೊಳ್ಳದೆ ಮಾಡಿದ, ನಾಲ್ಕೂ ಹಸಿರಾಗುವ ತನಕ ಬಿಡಲಿಲ್ಲ. ಒಳ್ಳೆ ಕೆಲಸಗಾರ ಸಿಕ್ಕರೆ ಬಿಲ್ಲಿನ ಮೇಲೆ ಇನ್ನಷ್ಟು ಕೊಡಿ, ಮುಂದಿನ ಸಲ ಅವನನ್ನೇ ಹುಡುಕಿಕೊಂಡು ಹೋಗಿ. ಈ ಟೈರು ಅಸಿಮೆಟ್ರಿಕ್, ಅಂದರೆ ಒಳಮುಖ ಹೊರಮುಖ ಬೇರೆ, ಹೊರಗೆ ಬರಬೇಕಾದ ಕಡೆ ಗುರುತು ಇರುತ್ತದೆ. ಬಾಣದ ಗುರುತಿರುವ ಟೈರಿನ ಹಾಗೆ ಒಂದೇ ಬದಿಗೆ ಕಟ್ಟುಬಿದ್ದದ್ದಲ್ಲ. ಎಡದ್ದನ್ನು ಬಲಕ್ಕೆ ಹಾಕಬಹುದು, ನಾಲ್ಕನ್ನೂ ಅಡ್ಡಡ್ಡ ಬದಲಿಸಬಹುದು. ಹಿಂದೆ ಹಲ್ಲು ಮೂಡುವ ಕಾರಿಗೆ ಇದು ದೊಡ್ಡ ಅನುಕೂಲ. ನೈಟ್ರೋಜನ್ ಹಾಕ್ಲಾ ಸರ್ ಅಂದರು. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ, ಬೇಡ ಅಂದೆವು. ಡ್ಯಾಶ್‌ಬೋರ್ಡಿನಲ್ಲಿ ಗಾಳಿಯ ಎಚ್ಚರಿಕೆಯನ್ನು ಮತ್ತೆ ಸೆಟ್ ಮಾಡುವುದು ಮಾತ್ರ ಮರೆಯಬಾರದು. ಈ ಬಳಗದ ಹಲವು ಕಾರುಗಳಲ್ಲಿ ಟೈರಿನೊಳಗೆ ಸೆನ್ಸರ್ ಇರುವುದಿಲ್ಲ, ಚಕ್ರ ತಿರುಗುವ ವೇಗದ ವ್ಯತ್ಯಾಸ ನೋಡಿ ಊಹಿಸುತ್ತದೆ. ನಾಲ್ಕರಲ್ಲೂ ನಿಧಾನವಾಗಿ ಒಟ್ಟಿಗೆ ಗಾಳಿ ಇಳಿದರೆ ಅದಕ್ಕೆ ತಿಳಿಯುವುದು ಕಷ್ಟ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಕಾರು ಓಡಿಸುವ ಮೊದಲು, ಸ್ವಂತ ಮೀಟರಿನಲ್ಲಿ ನೋಡಬೇಕು. ಭಾವನವರು ಈಗ ನೋಡುತ್ತಾರೆ.

ಮಳೆಗಾಲ ಕಳೆದ ಮೇಲೆ, ಒಂಬತ್ತು ಸಾವಿರ ಕಿ.ಮೀ. ಆದಾಗ ಮತ್ತೆ ಅಳೆದೆ. ಮುಂದಿನ ಎಡ ಟೈರು, ನಡುವೆ 6.5, ಹೊರಗೆ 6.4, ಒಳಗೆ 6.4. ಶುರುವಿನಲ್ಲಿ 7.8 ಇತ್ತು. ನಡುಭಾಗ ಸವೆಯುವ ವೇಗ ಹಳೇ ಸೆಟ್ಟಿನ ಹಾಗೇ ಇದೆ, ಆದರೆ ಈಗ ಅಂಚುಗಳೂ ಅದೇ ವೇಗದಲ್ಲಿ ಹೋಗುತ್ತಿವೆ. ಹಿಂದಿನವನ್ನು ಎರಡೂ ಕಡೆಗೆ ಸವರಿ ನೋಡಿದೆ, ಕೈಗೆ ಏನೂ ತಾಗಲಿಲ್ಲ. ಅಂದೇ ಹಿಂದೆ ಮುಂದೆ ಬದಲಿಸಿಯೂ ಆಯಿತು. ಗಾಳಿ ಏರಿಸಿದ್ದಕ್ಕೆ ಕಾರು ಗುಂಡಿಯಲ್ಲಿ ಮೊದಲಿಗಿಂತ ಗಡುಸಾಗಿದೆ, ಅಕ್ಕ ದೂರುತ್ತಾಳೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಗಿಡ್ಡ ಬದಿಯ ಟೈರು ಇರುವ ಕಾರಿನಲ್ಲಿ ಅದನ್ನು ಗಾಳಿ ಇಳಿಸಿ ಸರಿಮಾಡುವ ಹಾಗಿಲ್ಲ.

ಈ ಆಯ್ಕೆಯನ್ನು ಹಾಗೇ ಎತ್ತಿ ನಿಮ್ಮ ಕಾರಿಗೆ ಹಾಕಬೇಡಿ. ಇದೇ ಆರ್‌ಎಸ್ ವರ್ಷಪೂರ್ತಿ ಬೆಂಗಳೂರು ಒಳಗೇ ಓಡುವುದಾಗಿದ್ದರೆ ನಾನೇ ಯುಸಿ6 ಹಾಕಿಸುತ್ತಿದ್ದೆ. ಆಗಲೂ ಎಕ್ಸ್‌ಎಲ್, ಡಬ್ಲ್ಯು ರೇಟಿಂಗ್. ಬಿಎಂಡಬ್ಲ್ಯು, ಪೋರ್ಷೆ ಇಟ್ಟುಕೊಂಡವರಿಗೆ ಇನ್ನೊಂದು ತಲೆನೋವು ಇದೆ. ಆ ಕಂಪನಿಗಳು ಒಪ್ಪಿದ ಟೈರಿನ ಮೇಲೆ ನಕ್ಷತ್ರ, ಎನ್ ಅಕ್ಷರ ಹೀಗೆ ತಮ್ಮದೇ ಗುರುತು ಇರುತ್ತದೆ, ಅದೇ ಗುರುತಿನದನ್ನೇ ಹುಡುಕುವುದು ಒಳ್ಳೆಯದು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಒಂದು ಟೈರು ಉಬ್ಬಿದರೂ ಒಂದನ್ನೇ ಬದಲಿಸುವ ಹಾಗಿಲ್ಲ, ನಾಲ್ಕರ ಸವೆತವೂ ಹತ್ತಿರ ಹತ್ತಿರ ಇರಬೇಕು, ಇಲ್ಲದಿದ್ದರೆ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿಗೆ ಪೆಟ್ಟು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಎರಡೇ ಬದಲಿಸುವುದಾದರೆ ಹೊಸ ಎರಡನ್ನು ಹಿಂದೆ ಹಾಕಿಸಿ. ಅಂಗಡಿಯವರು ಮುಂದೆ ಹಾಕುತ್ತೇವೆ ಎಂದು ವಾದ ಮಾಡುತ್ತಾರೆ. ಒದ್ದೆಯಲ್ಲಿ ಮುಂದಿನದು ಜಾರಿದರೆ ಸ್ಟೀರಿಂಗಿನಲ್ಲಿ ತಿಳಿಯುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆಯಬಹುದು. ಹಿಂದಿನದು ಜಾರಿದರೆ ತಿಳಿಯುವಷ್ಟರಲ್ಲಿ ಕಾರು ತಿರುಗಿ ಹೋಗಿರುತ್ತದೆ.